ಯಾದೃಚ್ಛಿಕ ಚರ: ಕವಡೆಯ ಗರದಿಂದ ಮಳೆನೀರಿನ ಟ್ಯಾಂಕಿನವರೆಗೆ

ಕಾಸರಗೋಡು, ಮಂಜೇಶ್ವರದ ಕಡೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಇಂಗ್ಲಿಷಿನಲ್ಲಿ ಓದತೊಡಗಿದಾಗ ಎಡವುವ ಜಾಗಗಳಲ್ಲಿ ರ‍್ಯಾಂಡಮ್ ವೇರಿಯಬಲ್ ಒಂದು. ಲೆಕ್ಕ ಕಷ್ಟವಾಗಿ ಎಡವುವುದಲ್ಲ, ಹೆಸರೇ ಅವರ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಯಾದೃಚ್ಛಿಕ ಚರ ಎಂದರೂ ಅದೇ ತೊಡಕು ಉಳಿಯುತ್ತದೆ, ಏಕೆಂದರೆ ಯದೃಚ್ಛೆಯೆಂದರೆ ಆಕಸ್ಮಿಕ, ಚರವೆಂದರೆ ಚಲಿಸುವಂಥದ್ದು. ಎರಡೂ ಸೇರಿದಾಗ ಹೇಗೆಂದರೆ ಹಾಗೆ ಬದಲಾಗುತ್ತಿರುವ ಒಂದು ಸಂಖ್ಯೆಯ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಆ ಚಿತ್ರ ತಪ್ಪು. ಯಾದೃಚ್ಛಿಕ ಚರವೆಂಬುದು ಒಂದು ನಿಯಮ. ಒಂದು ಪ್ರಯೋಗದಲ್ಲಿ ಬರಬಹುದಾದ ಪ್ರತಿಯೊಂದು ಫಲಿತಕ್ಕೂ ಒಂದೊಂದು ಸಂಖ್ಯೆಯನ್ನು ಅದು ಕೊಡುತ್ತದೆ. ಪ್ರಯೋಗ ಶುರುವಾಗುವ ಮೊದಲೇ ನಿಯಮ ನಿಗದಿಯಾಗಿರುತ್ತದೆ ಮತ್ತು ಕೊನೆಯವರೆಗೂ ಬದಲಾಗುವುದಿಲ್ಲ. ಆಕಸ್ಮಿಕವಾಗಿರುವುದು ಯಾವ ಫಲಿತ ಬರುತ್ತದೆ ಎಂಬುದಷ್ಟೇ.

ಇದೊಂದು ಮಾತು ಗಟ್ಟಿಯಾದರೆ ಉಳಿದುದೆಲ್ಲ ಅದರ ಹಿಂದೆಯೇ ಬರುತ್ತದೆ ಎಂಬುದು ಹಲವು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ. ಆದುದರಿಂದ ಕೆಳಗಿನ ಹೆಜ್ಜೆಗಳನ್ನು ಓದಿ ಮುಗಿಸದೆ, ಒಂದು ನೋಟುಪುಸ್ತಕ ಮತ್ತು ಪೆನ್ಸಿಲು ಹಿಡಿದು, ಪ್ರತಿಯೊಂದು ಲೆಕ್ಕವನ್ನೂ ನೀವೇ ಮಾಡುತ್ತ ಮುಂದುವರಿಯಿರಿ.

ಮೊದಲ ಹೆಜ್ಜೆ: ಸಂಖ್ಯೆಯನ್ನು ಬದಿಗಿಟ್ಟು ಫಲಿತಗಳನ್ನು ಬರೆಯಿರಿ

ಚೌಕಾಬಾರ ಆಡುವ ನಾಲ್ಕು ಕವಡೆಗಳನ್ನು ಕೈಗೆತ್ತಿಕೊಳ್ಳಿ. ಪ್ರತಿ ಕವಡೆಯ ಬೆನ್ನ ಮೇಲೆ ಶಾಯಿಯಿಂದ 1, 2, 3, 4 ಎಂದು ಗುರುತು ಹಾಕಿ. ಕವಡೆ ನೆಲಕ್ಕೆ ಬಿದ್ದಾಗ ಬಾಯಿ ಮೇಲಾಗಿರಬಹುದು, ಇಲ್ಲವೆ ಬೆನ್ನು ಮೇಲಾಗಿರಬಹುದು. ಬಾಯಿಗೆ 'ಬಾ', ಬೆನ್ನಿಗೆ 'ಬೆ' ಎಂದು ಇಟ್ಟುಕೊಂಡು ನಾಲ್ಕು ಕವಡೆಗಳೂ ಬೀಳಬಹುದಾದ ಎಲ್ಲ ಬಗೆಗಳನ್ನು ಬರೆಯಿರಿ: ಬಾಬಾಬಾಬಾ, ಬಾಬಾಬಾಬೆ, ಬಾಬಾಬೆಬಾ, ಹೀಗೆ ಕೊನೆಗೆ ಬೆಬೆಬೆಬೆ. ಒಟ್ಟು 2 × 2 × 2 × 2 = 16 ಸಾಲುಗಳು ಬರುತ್ತವೆ. ಈ ಹದಿನಾರರ ಪಟ್ಟಿಯೇ ಫಲಿತಗಣ.

ಗುರುತು ಹಾಕಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಬಹಳ ಮಂದಿ ಬಾಯಿ ಮೇಲಾದ ಕವಡೆಗಳು 0, 1, 2, 3, 4 ಎಂದು ಐದೇ ಫಲಿತಗಳನ್ನು ಬರೆದು, ಒಂದೊಂದಕ್ಕೂ 1/5 ಸಂಭವನೀಯತೆ ಕೊಟ್ಟುಬಿಡುತ್ತಾರೆ. ಆದರೆ ಎರಡು ಬಾಯಿ ಮೇಲಾಗುವುದು ಆರು ಬಗೆಯಲ್ಲಿ, ನಾಲ್ಕೂ ಬಾಯಿ ಮೇಲಾಗುವುದು ಒಂದೇ ಬಗೆಯಲ್ಲಿ. ಗುರುತು ಹಾಕಿದ ಕವಡೆಗಳು ಕಣ್ಣೆದುರು ಇದ್ದರೆ ಈ ತಪ್ಪು ತಾನಾಗಿ ತಪ್ಪುತ್ತದೆ. ಫಲಿತಗಳನ್ನು ಬರೆಯುವ ಮೊದಲೇ ಸಂಖ್ಯೆಗೆ ಹಾರುವುದರಿಂದ ಆಗುವ ತಪ್ಪು ಇದು. ನಾನು ನೋಡಿದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚಾಗಿ ಕಂಡದ್ದೂ ಇದೇ.

ಆಕಸ್ಮಿಕ ಎಲ್ಲಿ ಇಲ್ಲ ಎಂಬುದನ್ನೂ ಇಲ್ಲಿಯೇ ಗಮನಿಸಬಹುದು. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಮನೆಯೊಳಗೆ ಕೂತು ಆಡುವ ಚೆನ್ನೆಮಣೆಯಲ್ಲಿ 14 ಗುಳಿಗಳಿರುತ್ತವೆ, ಗುಳಿಗೆ ನಾಲ್ಕರಂತೆ ಕಾಳು ತುಂಬುತ್ತಾರೆ. ಯಾವ ಗುಳಿಯಿಂದ ಎತ್ತುವುದೆಂದು ಆಟಗಾರ ತೀರ್ಮಾನಿಸಿದ ಮೇಲೆ ಕಾಳು ಎಲ್ಲಿ ಮುಗಿಯುತ್ತದೆ, ಕೈಗೆ ಎಷ್ಟು ಬರುತ್ತದೆ ಎಂಬುದೆಲ್ಲ ನಿಶ್ಚಿತ. ಅಲ್ಲಿ ಎಣಿಕೆಯುಂಟು, ಯದೃಚ್ಛೆಯಿಲ್ಲ.

ಎರಡನೆಯ ಹೆಜ್ಜೆ: ನಿಯಮವನ್ನು ಒಂದೇ ವಾಕ್ಯದಲ್ಲಿ ಹೇಳಿ

ಚೌಕಾಬಾರದಲ್ಲಿ ಬಾಯಿ ಮೇಲಾದ ಕವಡೆಗಳ ಎಣಿಕೆಯೇ ಗರ. ಒಂದೂ ಬಾಯಿ ಮೇಲಾಗದಿದ್ದರೆ ಮಾತ್ರ ಗರ 8. ಇದು ನಮಗೆ ಬೇಕಾದ ವಾಕ್ಯ. ಇದನ್ನು 'ಗ' ಎಂದು ಕರೆಯೋಣ. ಆಗ ಗ(ಬಾಬಾಬೆಬೆ) = 2, ಗ(ಬಾಬಾಬಾಬಾ) = 4, ಗ(ಬೆಬೆಬೆಬೆ) = 8. ಹದಿನಾರು ಸಾಲುಗಳ ಎದುರಿಗೂ ಒಂದೊಂದು ಸಂಖ್ಯೆ ಬರೆದು ಮುಗಿಸಿದರೆ ಯಾದೃಚ್ಛಿಕ ಚರವೊಂದು ನಿಮ್ಮ ಪುಸ್ತಕದಲ್ಲಿ ಪೂರ್ತಿಯಾಗಿ ಕೂತಿರುತ್ತದೆ. ಕವಡೆಯನ್ನು ನೀವು ಇನ್ನೂ ಎಸೆದೇ ಇಲ್ಲ ಎಂಬುದನ್ನು ಗಮನಿಸಿ.

ಕವಡೆ ನೆಲಕ್ಕೆ ಬೀಳುವುದು ಪ್ರಕೃತಿಯ ಕೆಲಸ, ನಾಲ್ಕೂ ಬೋರಲು ಬಿದ್ದರೆ ಎಂಟು ಎಂದು ಎಣಿಸುವುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಸಂಖ್ಯೆ ಕವಡೆಯೊಳಗೆ ಅಡಗಿರಲಿಲ್ಲ, ನಾವು ಅದಕ್ಕೆ ಕೊಟ್ಟೆವು. ಅದೇ ಹದಿನಾರು ಫಲಿತಗಳ ಮೇಲೆ ಬೇರೆ ನಿಯಮ ಹೂಡಿದರೆ ಬೇರೆ ಚರ ಸಿಗುತ್ತದೆ: ಬೆನ್ನು ಮೇಲಾದವುಗಳ ಎಣಿಕೆ ಒಂದು ಚರ, ಮೊದಲನೆಯ ಕವಡೆ ಬಾಯಿ ಮೇಲಾದರೆ 1 ಇಲ್ಲವಾದರೆ 0 ಎಂಬುದು ಇನ್ನೊಂದು. ಸಂಭವನೀಯತಾ ಶಾಸ್ತ್ರಕ್ಕೆ 1933ರಲ್ಲಿ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ ಭದ್ರವಾದ ಬುನಾದಿ ಹಾಕಿದಾಗ ಯಾದೃಚ್ಛಿಕ ಚರವನ್ನು ಹೀಗೆಯೇ, ಫಲಿತಗಣದಿಂದ ವಾಸ್ತವ ಸಂಖ್ಯೆಗಳಿಗೆ ಹೋಗುವ ಉತ್ಪನ್ನವೆಂದು (ಇಂಗ್ಲಿಷಿನ ಫಂಕ್ಷನ್) ನಿರೂಪಿಸಿದರು. ಅವರ ನಿರೂಪಣೆಯಲ್ಲಿ ಒಂದು ಷರತ್ತೂ ಇದೆ: ಯಾವ ಸಂಖ್ಯೆಯನ್ನು ಹೆಸರಿಸಿದರೂ, ಚರದ ಬೆಲೆ ಆ ಸಂಖ್ಯೆಯನ್ನು ಮೀರದ ಫಲಿತಗಳ ಗುಂಪಿಗೆ ಸಂಭವನೀಯತೆ ಇರಲೇಬೇಕು. ಕವಡೆಯಂತಹ ಎಣಿಸಿ ಮುಗಿಸಬಹುದಾದ ಫಲಿತಗಣದಲ್ಲಿ, ಪ್ರತಿ ಫಲಿತಕ್ಕೂ ಸಂಭವನೀಯತೆ ಕೊಟ್ಟ ಮೇಲೆ ಈ ಷರತ್ತು ತಾನಾಗಿ ಈಡೇರುತ್ತದೆ.

ಇಂಗ್ಲಿಷ್ ಪಠ್ಯಗಳಲ್ಲಿ ಚರವನ್ನು ದೊಡ್ಡಕ್ಷರದಲ್ಲೂ ಅದು ತಾಳಿದ ಬೆಲೆಯನ್ನು ಸಣ್ಣಕ್ಷರದಲ್ಲೂ ಬರೆಯುವುದು ಈ ವ್ಯತ್ಯಾಸವನ್ನು ಕಾಪಾಡುವುದಕ್ಕಾಗಿಯೇ. ಕನ್ನಡ ಲಿಪಿಯಲ್ಲಿ ಆ ಅನುಕೂಲವಿಲ್ಲದುದರಿಂದ ನಿಯಮಕ್ಕೆ ಒಂದು ಅಕ್ಷರ, ಬೆಲೆಗೆ ಸಂಖ್ಯೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. 'ಗ = 2' ಎಂದು ಬರೆದಾಗ ಅದು ಸಮೀಕರಣವಲ್ಲ, ನಿಯಮದ ಪ್ರಕಾರ 2 ಸಿಗುವ ಎಲ್ಲ ಫಲಿತಗಳ ಗುಂಪಿನ ಹೆಸರು.

ಮೂರನೆಯ ಹೆಜ್ಜೆ: ಒಂದೇ ಬೆಲೆಯವುಗಳನ್ನು ಕೂಡಿಸಿ ವಿತರಣೆ ಬರೆಯಿರಿ

ಸದ್ಯಕ್ಕೆ ಕವಡೆ ಎರಡೂ ಬದಿಗೆ ಸಮವಾಗಿ ಬೀಳುತ್ತದೆ ಎಂದೂ, ಒಂದು ಬಿದ್ದ ಬಗೆ ಇನ್ನೊಂದನ್ನು ತಾಗುವುದಿಲ್ಲ ಎಂದೂ ಇಟ್ಟುಕೊಳ್ಳೋಣ. ಆಗ ಪ್ರತಿ ಸಾಲಿಗೂ 1/16. ಸಂಭವನೀಯತೆಯನ್ನು 'ಸಂ' ಎಂದು ಬರೆದರೆ ಬೆಲೆಗಳ ಪಟ್ಟಿ, ಅಂದರೆ ಚರದ ವಿತರಣೆ, ಹೀಗಾಗುತ್ತದೆ:

ಸಂ(ಗ = 1) = 4/16
ಸಂ(ಗ = 2) = 6/16
ಸಂ(ಗ = 3) = 4/16
ಸಂ(ಗ = 4) = 1/16
ಸಂ(ಗ = 8) = 1/16

ಕೂಡಿಸಿ ನೋಡಿ: 16/16, ಅಂದರೆ 1. ಮೊತ್ತ ಒಂದಾಗದಿದ್ದರೆ ಎಲ್ಲೋ ಒಂದು ಫಲಿತ ಬಿಟ್ಟುಹೋಗಿದೆ ಅಥವಾ ಎರಡು ಸಲ ಎಣಿಸಲ್ಪಟ್ಟಿದೆ, ಮುಂದೆ ಹೋಗಬೇಡಿ.

ನಿಜವಾದ ಕವಡೆ ಸಮವಾಗಿ ಬೀಳಬೇಕೆಂದೇನೂ ಇಲ್ಲ. ಅದರ ಬೆನ್ನು ಉಬ್ಬಿದೆ, ಬಾಯಿಯ ಬದಿ ಚಪ್ಪಟೆಯಾಗಿದೆ. ನಿಮ್ಮ ಮನೆಯ ಕವಡೆಯನ್ನು ಇನ್ನೂರು ಸಲ ಎಸೆದು ಗೀಟು ಹಾಕುತ್ತ ಹೋದರೆ ನಿಮ್ಮದೇ ಅಂದಾಜು ಸಿಗುತ್ತದೆ. ಬಾಯಿ ಮೇಲಾಗುವ ಸಂಭವನೀಯತೆ 0.5ರ ಬದಲು 0.6 ಎಂದು ಬಂದಿತು ಎನ್ನೋಣ. ಆಗ ಎಂಟು ಬೀಳುವುದು 0.4 × 0.4 × 0.4 × 0.4 = 0.0256, ಸಮ ಕವಡೆಯಲ್ಲಿ ಅದು 0.0625 ಇತ್ತು. ನಾಲ್ಕು ಬೀಳುವುದು 0.0625ರಿಂದ 0.1296ಕ್ಕೆ ಏರುತ್ತದೆ. ನಿಯಮ ಒಂದಿಷ್ಟೂ ಬದಲಾಗಲಿಲ್ಲ, ವಿತರಣೆ ಬಹಳವಾಗಿ ಬದಲಾಯಿತು. ಚರ ಬೇರೆ, ಅದರ ವಿತರಣೆ ಬೇರೆ.

ಇದರ ತಿರುವುಮುರುವನ್ನೂ ನೋಡಬೇಕು. ಸಮ ಕವಡೆಗಳಲ್ಲಿ ಬಾಯಿಗಳ ಎಣಿಕೆಗೂ ಬೆನ್ನುಗಳ ಎಣಿಕೆಗೂ ವಿತರಣೆ ಒಂದೇ: ಎರಡೂ 0ಯಿಂದ 4ರವರೆಗೆ ಹದಿನಾರರಲ್ಲಿ 1, 4, 6, 4, 1 ಬಗೆಯಂತೆ ಬರುತ್ತವೆ. ಆದರೆ ಎರಡೂ ಒಂದೇ ಚರವಲ್ಲ, ಒಂದು 3 ಆದಾಗ ಇನ್ನೊಂದು 1, ಅವುಗಳ ಮೊತ್ತ ಯಾವಾಗಲೂ 4. ಪಟ್ಟಿ ಒಂದೇ ಎಂದ ಮಾತ್ರಕ್ಕೆ ಚರ ಒಂದೇ ಎಂದು ಬರೆಯಬಾರದು.

ನಾಲ್ಕನೆಯ ಹೆಜ್ಜೆ: ನಿರೀಕ್ಷಿತ ಮೌಲ್ಯ

ಪ್ರತಿ ಬೆಲೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಿ. ನಿರೀಕ್ಷಿತ ಮೌಲ್ಯವನ್ನು 'ನಿ' ಎಂದು ಬರೆದರೆ, ನಿ(ಗ) = (1×4 + 2×6 + 3×4 + 4×1 + 8×1) ÷ 16 = 40 ÷ 16 = 2.5. ಗರ ಎರಡೂವರೆ ಎಂದು ಎಂದೂ ಬೀಳುವುದಿಲ್ಲವಲ್ಲ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. 'ನಿರೀಕ್ಷಿತ' ಎಂಬ ಮಾತು ಇಲ್ಲಿ ಮುಂದಿನ ಎಸೆತದಲ್ಲಿ ಇಷ್ಟು ಬಿದ್ದೀತೆಂಬ ನಿರೀಕ್ಷೆಯನ್ನು ಹೇಳುವುದಿಲ್ಲ. ಸಾವಿರ ಸಲ ಎಸೆದರೆ ಕಾಯಿ ಒಟ್ಟು ಸುಮಾರು 2500 ಮನೆ ನಡೆದಿರುತ್ತದೆ ಎಂಬುದು ಅದರ ಅರ್ಥ. ಹಾಲೆಂಡಿನ ಹೈಗೆನ್ಸ್ 1657ರಲ್ಲಿ ಜೂಜಿನ ಲೆಕ್ಕಗಳ ಬಗ್ಗೆ ಬರೆದಾಗಲೂ ಅವರ ಮುಂದಿದ್ದ ಪ್ರಶ್ನೆ, ಒಂದು ಆಟಕ್ಕೆ ಕೂರುವ ಹಕ್ಕಿಗೆ ನ್ಯಾಯವಾದ ಬೆಲೆ ಎಷ್ಟು ಎಂಬುದೇ ಆಗಿತ್ತು.

ಈ ಹೆಜ್ಜೆಯಲ್ಲಿ ನಿಮ್ಮ ಕೈಗೆ ಸಿಗುವ ಅತ್ಯಂತ ಹರಿತವಾದ ಆಯುಧವೆಂದರೆ ಮೊತ್ತದ ನಿಯಮ: ಎರಡು ಚರಗಳ ಮೊತ್ತದ ನಿರೀಕ್ಷಿತ ಮೌಲ್ಯವು ಅವುಗಳ ನಿರೀಕ್ಷಿತ ಮೌಲ್ಯಗಳ ಮೊತ್ತಕ್ಕೆ ಸಮ, ಅವು ಒಂದಕ್ಕೊಂದು ಎಷ್ಟೇ ಹೆಣೆದುಕೊಂಡಿದ್ದರೂ ಸರಿ. ಜೂನ್ ತಿಂಗಳಲ್ಲಿ ಶಾಲೆಯ ಜಗಲಿಯ ಮೂಲೆಯಲ್ಲಿ ಒಂದೇ ಬಗೆಯ ಮೂವತ್ತು ಕಪ್ಪು ಕೊಡೆಗಳು ನೀರು ಸುರಿಸುತ್ತ ನಿಂತಿವೆ. ಸಂಜೆ ಬೆಲ್ ಹೊಡೆದಾಗ ಮಕ್ಕಳು ನೋಡದೆ ಕೈಗೆ ಬಂದ ಕೊಡೆ ಎತ್ತಿಕೊಂಡು ಓಡುತ್ತಾರೆ. ತಮ್ಮದೇ ಕೊಡೆ ಸಿಕ್ಕವರು ಸರಾಸರಿ ಎಷ್ಟು ಮಂದಿ? ಫಲಿತಗಣವನ್ನು ಬರೆಯಹೋದರೆ ಮೂವತ್ತು ಕೊಡೆಗಳನ್ನು ಹಂಚುವ ಬಗೆಗಳು ಲೆಕ್ಕಕ್ಕೆ ನಿಲುಕುವುದಿಲ್ಲ. ಅದರ ಬದಲು ಮಗುವಿಗೊಂದರಂತೆ ಸೂಚಕ ಚರ ಬರೆಯಿರಿ: ತನ್ನ ಕೊಡೆ ಸಿಕ್ಕರೆ 1, ಇಲ್ಲದಿದ್ದರೆ 0. ಒಂದೊಂದರ ನಿರೀಕ್ಷಿತ ಮೌಲ್ಯ 1/30. ಅಂಥವು ಮೂವತ್ತು ಕೂಡಿದರೆ 1. ನೂರು ಮಕ್ಕಳಿದ್ದರೂ ಉತ್ತರ ಒಂದೇ. ಇಪ್ಪತ್ತೊಂಬತ್ತು ಮಂದಿಗೆ ತಮ್ಮ ಕೊಡೆ ಸಿಕ್ಕಿದ್ದರೆ ಕೊನೆಯವನಿಗೂ ಸಿಕ್ಕೇ ಸಿಗುತ್ತದೆ, ಅಂದರೆ ಈ ಚರಗಳು ಸ್ವತಂತ್ರವಲ್ಲ. ಆದರೂ ಮೊತ್ತದ ನಿಯಮಕ್ಕೆ ಅದರಿಂದ ಧಕ್ಕೆಯಿಲ್ಲ. ಫ್ರಾನ್ಸಿನ ಮೋಂಮೋರ್ 1708ರಲ್ಲಿ ಇಸ್ಪೀಟೆಲೆಗಳನ್ನಿಟ್ಟುಕೊಂಡು ಬಿಡಿಸಹೊರಟ ಹೊಂದಾಣಿಕೆಯ ಸಮಸ್ಯೆಯೇ ಇದು. ಮೂರೇ ಮಕ್ಕಳನ್ನು ತೆಗೆದುಕೊಂಡು ಆರು ಹಂಚಿಕೆಗಳನ್ನೂ ಬರೆದು ಪರೀಕ್ಷಿಸಿ: ಒಂದರಲ್ಲಿ ಮೂವರಿಗೂ, ಮೂರರಲ್ಲಿ ಒಬ್ಬರಿಗೆ, ಎರಡರಲ್ಲಿ ಯಾರಿಗೂ ಇಲ್ಲ; (3 + 3) ÷ 6 = 1.

ಐದನೆಯ ಹೆಜ್ಜೆ: ಹರವನ್ನು ಅಳೆಯಿರಿ

ಅಂಗಳದಲ್ಲಿ ಸುಮಾರು ನಲವತ್ತು ದಿನ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ಅಡಕತ್ತರಿಗೆ ಕೊಟ್ಟು ಹೋಳು ಮಾಡಿದರೆ, ಒಳ್ಳೆಯದಾದರೆ ಬಿಳಿಯ ತಿರುಳಿನ ನಡುವೆ ಕಂದು ಗೆರೆಗಳು ನರನರವಾಗಿ ಕಾಣುತ್ತವೆ. ಕೆಟ್ಟದ್ದಾದರೆ ನಡುವೆ ಕಪ್ಪು. ಹೊರಗಿನಿಂದ ನೋಡಿ ಪಟೋರ, ಉಳ್ಳಿ, ಕರಿಗೋಟು ಎಂದು ವಿಂಗಡಿಸಬಹುದು, ಆದರೆ ಒಳಗಿನ ಕಪ್ಪು ಕತ್ತರಿಸದೆ ತಿಳಿಯದು, ಕತ್ತರಿಸಿದ ಅಡಿಕೆಯನ್ನು ಮತ್ತೆ ರಾಶಿಗೆ ಹಾಕಲು ಆಗದು. ಈ ಎರಡು ಮಾತುಗಳಲ್ಲಿ ಸಂಭವನೀಯತೆಯ ಒಂದು ಇಡೀ ಅಧ್ಯಾಯವಿದೆ.

ಬಟ್ಟಲಿನಲ್ಲಿ 10 ಅಡಿಕೆ, ಅವುಗಳಲ್ಲಿ 4 ಒಳಗೆ ಕಪ್ಪಾಗಿವೆ ಎಂದುಕೊಳ್ಳಿ. ಮೂರನ್ನು ನೋಡದೆ ತೆಗೆದು ಕತ್ತರಿಸುತ್ತೀರಿ. ಕಪ್ಪಾಗಿರುವವುಗಳ ಎಣಿಕೆ 'ಕ'. ಹತ್ತರಲ್ಲಿ ಮೂರನ್ನು ಆರಿಸುವ ಬಗೆಗಳು 120. ಒಂದೂ ಕಪ್ಪಿಲ್ಲದೆ ಬರುವುದು 20 ಬಗೆಯಲ್ಲಿ, ಒಂದು ಕಪ್ಪು 60 ಬಗೆಯಲ್ಲಿ, ಎರಡು 36ರಲ್ಲಿ, ಮೂರೂ ಕಪ್ಪು 4ರಲ್ಲಿ. ಮೊತ್ತ 120 ಆಯಿತು, ಮುಂದುವರಿಯಬಹುದು. ನಿ(ಕ) = (60 + 72 + 12) ÷ 120 = 1.2.

ಸರಾಸರಿಯ ಸುತ್ತ ಬೆಲೆಗಳು ಎಷ್ಟು ಚದುರಿವೆ ಎಂಬುದನ್ನು ಹೇಳುವುದು ವೇರಿಯನ್ಸ್. ಬೆಲೆಗಳ ವರ್ಗದ ನಿರೀಕ್ಷಿತ ಮೌಲ್ಯದಿಂದ ನಿರೀಕ್ಷಿತ ಮೌಲ್ಯದ ವರ್ಗವನ್ನು ಕಳೆಯಿರಿ. ಇಲ್ಲಿ ವರ್ಗಗಳ ನಿರೀಕ್ಷಿತ ಮೌಲ್ಯ (1×60 + 4×36 + 9×4) ÷ 120 = 240 ÷ 120 = 2. ವೇರಿಯನ್ಸ್ 2 − 1.44 = 0.56. ಅದರ ವರ್ಗಮೂಲ ಸುಮಾರು 0.75, ಇದು ಮಾನಕ ವಿಚಲನೆ. ಕಳೆಯುವ ಕ್ರಮವನ್ನು ಅದಲುಬದಲು ಮಾಡಿದರೆ ಋಣಸಂಖ್ಯೆ ಬರುತ್ತದೆ, ಮತ್ತು ವೇರಿಯನ್ಸ್ ಎಂದಿಗೂ ಋಣವಾಗಲಾರದು ಎಂಬುದೇ ನಿಮಗೆ ಎಚ್ಚರಿಕೆಯ ಗಂಟೆ.

ಈಗ ಕತ್ತರಿಸದೆಯೇ ಒಳಗನ್ನು ನೋಡಬಹುದಾಗಿತ್ತು, ನೋಡಿದ್ದನ್ನು ಬಟ್ಟಲಿಗೆ ಮರಳಿ ಹಾಕಿ ಕಲಸಿ ಮತ್ತೆ ತೆಗೆಯಬಹುದಾಗಿತ್ತು ಎಂದು ಕಲ್ಪಿಸಿಕೊಳ್ಳಿ. ಆಗ ಪ್ರತಿ ಸಲವೂ ಕಪ್ಪು ಸಿಗುವ ಸಂಭವ 0.4, ವಿತರಣೆ 0.216, 0.432, 0.288, 0.064. ಸರಾಸರಿ ಮತ್ತೆ 1.2. ಆದರೆ ವೇರಿಯನ್ಸ್ 3 × 0.4 × 0.6 = 0.72. ಮರಳಿ ಹಾಕದಿದ್ದಾಗ ಹರವು ಕಡಿಮೆ, ಏಕೆಂದರೆ ಒಂದು ಕಪ್ಪು ಹೊರಗೆ ಬಂದರೆ ಬಟ್ಟಲಿನಲ್ಲಿ ಉಳಿದ ಕಪ್ಪು ಕಡಿಮೆಯಾಗುತ್ತದೆ, ಒಂದು ತೆಗೆತ ಇನ್ನೊಂದನ್ನು ತಿದ್ದುತ್ತದೆ. 0.56 ಮತ್ತು 0.72ರ ಅನುಪಾತ ಸರಿಯಾಗಿ 7/9: ಬಟ್ಟಲಲ್ಲಿ ಉಳಿದವು 7, ಹತ್ತಕ್ಕೆ ಒಂದು ಕಡಿಮೆ 9. ಯಾವ ರಾಶಿಗೂ ಈ ತಿದ್ದುಪಡಿ ಇದೇ ರೂಪದಲ್ಲಿರುತ್ತದೆ. 10,000 ಅಡಿಕೆಯ ರಾಶಿಯಿಂದ 20 ತೆಗೆದರೆ ಅದು 9980/9999, ಅಂದರೆ ಹೆಚ್ಚುಕಡಿಮೆ ಒಂದು. ದೊಡ್ಡ ರಾಶಿಯಲ್ಲಿ ಮರಳಿ ಹಾಕಿದರೂ ಹಾಕದಿದ್ದರೂ ವ್ಯತ್ಯಾಸವಿಲ್ಲ ಎಂದು ಪುಸ್ತಕಗಳು ಹೇಳುವುದು ಈ ಕಾರಣಕ್ಕೆ.

ಆರನೆಯ ಹೆಜ್ಜೆ: ಷರತ್ತು ನೋಡಿದ ಮೇಲೆಯೇ ಹೆಸರಿಡಿ

ಪ್ರಯತ್ನಗಳ ಸಂಖ್ಯೆ ಮೊದಲೇ ಗೊತ್ತಿದ್ದು, ಪ್ರತಿ ಪ್ರಯತ್ನಕ್ಕೂ ಎರಡೇ ಫಲಿತಗಳಿದ್ದು, ಸಂಭವನೀಯತೆ ಪ್ರತಿ ಸಲವೂ ಒಂದೇ ಆಗಿದ್ದು, ಪ್ರಯತ್ನಗಳು ಸ್ವತಂತ್ರವಾಗಿದ್ದರೆ ಯಶಸ್ಸಿನ ಎಣಿಕೆಯ ವಿತರಣೆಗೆ ದ್ವಿಪದ ವಿತರಣೆ ಎಂದು ಹೆಸರು. ನಾಲ್ಕೂ ಷರತ್ತುಗಳನ್ನು ಒಂದೊಂದಾಗಿ ಕೇಳಿಕೊಳ್ಳದೆ ಸೂತ್ರಕ್ಕೆ ಕೈ ಹಾಕಬೇಡಿ.

ಚೀಲವೊಂದರಲ್ಲಿ ನೂರಕ್ಕೆ ಹತ್ತು ಅಡಿಕೆ ಒಳಗೆ ಕೆಟ್ಟಿವೆ ಎನ್ನಿ. ಚೆನ್ನಾಗಿ ಕಲಸಿ 20 ಕತ್ತರಿಸಿದರೆ ಸರಾಸರಿ 2 ಕೆಟ್ಟವು ಸಿಗುತ್ತವೆ, ಮಾನಕ ವಿಚಲನೆ ಸುಮಾರು 1.34. ಒಂದೂ ಸಿಗದಿರುವ ಸಂಭವನೀಯತೆ 0.9ರ ಇಪ್ಪತ್ತನೆಯ ಘಾತ, ಸುಮಾರು 0.12. ಅಂದರೆ ಇಂತಹ ನೂರು ಚೀಲಗಳನ್ನು ಹೀಗೆ ಪರೀಕ್ಷಿಸಿದರೆ ಸರಾಸರಿ ಹನ್ನೆರಡು ಚೀಲಗಳು ಒಂದೂ ಕಪ್ಪು ತೋರದೆ ಪಾರಾಗುತ್ತವೆ. 30 ಕತ್ತರಿಸಿದರೆ ಅದು ಸುಮಾರು 0.04ಕ್ಕೆ ಇಳಿಯುತ್ತದೆ. ಇದನ್ನು ತಿರುಗಿಸಿಯೂ ಓದಬಹುದು: ನೂರಕ್ಕೆ 14 ಕೆಟ್ಟಿರುವ ಚೀಲದಿಂದಲೂ 20ರಲ್ಲಿ ಒಂದೂ ಕೆಟ್ಟದ್ದು ಬಾರದಿರುವ ಸಂಭವ ಸುಮಾರು 0.05 ಉಳಿದಿದೆ. ಇಪ್ಪತ್ತೂ ಚೆನ್ನಾಗಿ ಕಂಡವೆಂದು ಚೀಲದಲ್ಲಿ ಕೆಟ್ಟದ್ದೇ ಇಲ್ಲವೆಂದು ಬೆಳೆಗಾರನೂ ಹೇಳಬಾರದು, ಕೊಳ್ಳುವವನೂ ನಂಬಬಾರದು.

'ಚೆನ್ನಾಗಿ ಕಲಸಿ' ಎಂಬ ಮಾತನ್ನು ನಾನು ಅಲಂಕಾರಕ್ಕೆ ಬರೆದಿಲ್ಲ. ಅಕಾಲದ ಮಳೆಗೆ ಅಂಗಳದ ಒಂದು ಮೂಲೆಯ ಅಡಿಕೆ ನೆನೆದಿದ್ದು, ಅದೆಲ್ಲ ಒಟ್ಟಿಗೇ ಚೀಲದ ತಳಕ್ಕೆ ಹೋಗಿದ್ದರೆ, ಬಾಯಿಯಿಂದ ತೆಗೆದ ಹಿಡಿಯಲ್ಲಿ ಸ್ವಾತಂತ್ರ್ಯವೂ ಇಲ್ಲ, ಸಮಾನ ಸಂಭವನೀಯತೆಯೂ ಇಲ್ಲ. ಆಗ ದ್ವಿಪದ ಸೂತ್ರ ಕೊಡುವ ಉತ್ತರದಲ್ಲಿ ಕೂಡುವ ಗುಣಿಸುವ ತಪ್ಪೇನೂ ಇರುವುದಿಲ್ಲ, ಆದರೆ ಅದು ನಿಮ್ಮ ಚೀಲದ ಉತ್ತರವಾಗಿರುವುದಿಲ್ಲ.

ಏಳನೆಯ ಹೆಜ್ಜೆ: ಎಣಿಸುವ ಚರದಿಂದ ಅಳೆಯುವ ಚರಕ್ಕೆ

ಇಲ್ಲಿಯವರೆಗೆ ಎಣಿಕೆ. ಕಾಯುವ ಹೊತ್ತು, ಬೀಳುವ ಮಳೆ, ತೂಕ, ಎತ್ತರ ಇವುಗಳನ್ನು ಅಳೆಯುತ್ತೇವೆ. ಕುಂಬಳೆಯಲ್ಲಿ ಮಂಗಳೂರಿನ ಬಸ್ಸಿಗೆ ನಿಂತಿದ್ದೀರಿ, ಬಸ್ಸು ಸರಿಯಾಗಿ ಹತ್ತು ನಿಮಿಷಕ್ಕೊಂದು ಬರುತ್ತದೆ, ನೀವು ಗಡಿಯಾರ ನೋಡದೆ ಬಂದಿದ್ದೀರಿ ಎಂದಾದರೆ ಕಾಯುವ ಹೊತ್ತು 0ಯಿಂದ 10ರವರೆಗೆ ಸಮವಾಗಿ ಹರಡಿದ ಚರ. ಸರಿಯಾಗಿ 4 ನಿಮಿಷವೇ ಕಾಯುವ ಸಂಭವನೀಯತೆ ಸೊನ್ನೆ. 4ರಿಂದ 5ರ ನಡುವೆ ಕಾಯುವುದು 0.1. ಆದುದರಿಂದ ಅಳೆಯುವ ಚರಕ್ಕೆ ಒಂದೊಂದೇ ಬೆಲೆಯ ಪಟ್ಟಿ ಬರೆಯುವುದನ್ನು ಬಿಟ್ಟು, 'ಇಷ್ಟನ್ನು ಮೀರದಿರುವ ಸಂಭವನೀಯತೆ ಎಷ್ಟು' ಎಂದು ಕೇಳಬೇಕು. ಆ ಉತ್ತರಗಳ ಗೆರೆಗೆ ಸಂಚಿತ ವಿತರಣೆ ಎನ್ನುತ್ತಾರೆ.

ಸರಾಸರಿ ಕಾಯುವುದು 5 ನಿಮಿಷ. ಆದರೆ ಬಸ್ಸುಗಳ ನಡುವಿನ ಅಂತರ 5 ಮತ್ತು 15 ನಿಮಿಷ ಎಂದು ಸರದಿಯಾಗಿ ಬಂದರೆ? ಅಂತರದ ಸರಾಸರಿ ಮತ್ತೆ 10, ಕಾಯುವ ಸರಾಸರಿ ಮಾತ್ರ 5 ಅಲ್ಲ. ನೀವು ಬರುವ ಕ್ಷಣ ಉದ್ದನೆಯ ಅಂತರದೊಳಗೆ ಬೀಳುವ ಸಂಭವ 15/20. ಅಲ್ಲಿ ಸರಾಸರಿ 7.5 ನಿಮಿಷ, ಗಿಡ್ಡ ಅಂತರದಲ್ಲಿ 2.5. ಒಟ್ಟು 0.75 × 7.5 + 0.25 × 2.5 = 6.25. ಬಸ್ಸುಗಳನ್ನು ಆರಿಸುವ ಪ್ರಯೋಗವೂ ಕ್ಷಣಗಳನ್ನು ಆರಿಸುವ ಪ್ರಯೋಗವೂ ಬೇರೆಬೇರೆ. ಇಲ್ಲಿ ತಪ್ಪಿದವರು ಮೊದಲ ಹೆಜ್ಜೆಯಲ್ಲಿಯೇ ತಪ್ಪಿರುತ್ತಾರೆ.

ಮಳೆ ಇನ್ನೂ ಸೂಕ್ಷ್ಮ. ಒಂದು ದಿನದ ಮಳೆಯನ್ನು ಮಿಲಿಮೀಟರಿನಲ್ಲಿ 'ಮ' ಎನ್ನೋಣ. ಮಳೆ ಬಾರದ ದಿನಗಳಲ್ಲಿ ಮ ಸರಿಯಾಗಿ ಸೊನ್ನೆ, ಬಂದ ದಿನಗಳಲ್ಲಿ ಅದು ಯಾವ ಬೆಲೆಯಾದರೂ ಆಗಬಹುದು. ಹಾಗಾಗಿ ಇದು ಪೂರ್ತಿ ಎಣಿಕೆಯ ಚರವೂ ಅಲ್ಲ, ಪೂರ್ತಿ ಅಳತೆಯ ಚರವೂ ಅಲ್ಲ, ಎರಡರ ಮಿಶ್ರಣ. ಭಾರತೀಯ ಹವಾಮಾನ ಇಲಾಖೆ 2.5 ಮಿಲಿಮೀಟರು ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆಯ ದಿನ ಎಂದು ಎಣಿಸುತ್ತದೆ. ಅದು ಮ ಎಂಬ ಚರದ ಮೇಲೆ ಕಟ್ಟಿದ ಇನ್ನೊಂದು ಸೂಚಕ ಚರ.

ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡ ಸಂಖ್ಯೆಗಳಿವು: ಮಳೆ ಬಾರದ ಸಂಭವ 0.4, ಬಂದರೆ 0ಯಿಂದ 50 ಮಿಲಿಮೀಟರಿನವರೆಗೆ ಸಮ ಹರವು. ಸಂಚಿತ ವಿತರಣೆಯ ಗೆರೆ ಸೊನ್ನೆಯಲ್ಲಿ ಒಮ್ಮೆಲೇ 0.4ಕ್ಕೆ ಜಿಗಿದು, ಅಲ್ಲಿಂದ ಓರೆಯಾಗಿ ಏರಿ, 20ರಲ್ಲಿ 0.64 ಆಗಿ, 50ರಲ್ಲಿ 1 ಮುಟ್ಟುತ್ತದೆ. ಸರಾಸರಿ 0.6 × 25 = 15 ಮಿಲಿಮೀಟರು. ವರ್ಗದ ನಿರೀಕ್ಷಿತ ಮೌಲ್ಯ 500, ವೇರಿಯನ್ಸ್ 500 − 225 = 275, ಮಾನಕ ವಿಚಲನೆ ಸುಮಾರು 16.6. ಸರಾಸರಿಗಿಂತ ಹರವೇ ದೊಡ್ಡದು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೂ ಬೇಸಗೆಯಲ್ಲಿ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಸಣ್ಣದಾಗುವ ನಮ್ಮ ಊರಿನಲ್ಲಿ ಮುಂದಿನ ಪ್ರಶ್ನೆ ಬರಿಯ ಪಾಠವಲ್ಲ. ಒಂದು ಚದರ ಮೀಟರಿಗೆ ಬಿದ್ದ ಒಂದು ಮಿಲಿಮೀಟರು ಮಳೆ ಎಂದರೆ ಒಂದು ಲೀಟರು. 100 ಚದರ ಮೀಟರಿನ ಮಾಡಿನಿಂದ (ಮನೆಯ ಚಾವಣಿಯಿಂದ) ಮಿಲಿಮೀಟರಿಗೆ 100 ಲೀಟರು. ಸರಾಸರಿ 15 ಮಿಲಿಮೀಟರು ಎಂದಮೇಲೆ ದಿನಕ್ಕೆ 1500 ಲೀಟರು, ಆದುದರಿಂದ 2000 ಲೀಟರಿನ ಟ್ಯಾಂಕು ಧಾರಾಳವಾಯಿತು ಎಂದು ಹೇಳುವವರಿದ್ದಾರೆ. ಬೆಳಿಗ್ಗೆ ಟ್ಯಾಂಕು ಖಾಲಿಯಿದ್ದರೂ ಈ ಮಾತು ತಪ್ಪು, ಏಕೆಂದರೆ 20 ಮಿಲಿಮೀಟರು ದಾಟಿದ ದಿನ ಟ್ಯಾಂಕು ತುಂಬಿ ಹೊರಚೆಲ್ಲುತ್ತದೆ. ಹಿಡಿದಿಟ್ಟ ನೀರು ಮತ್ತೊಂದು ಚರ. ಅದರ ನಿಯಮ, '100 × ಮ ಮತ್ತು 2000 ಇವೆರಡರಲ್ಲಿ ಚಿಕ್ಕದು'. ಮಳೆ ಬಂದ ದಿನಗಳಲ್ಲಿ ಐದರಲ್ಲಿ ಎರಡು ಪಾಲು 20ರ ಒಳಗೆ, ಅವುಗಳ ಸರಾಸರಿ 1000 ಲೀಟರು. ಐದರಲ್ಲಿ ಮೂರು ಪಾಲು ದಿನ 2000 ಲೀಟರು. ಒಟ್ಟು 0.6 × (0.4 × 1000 + 0.6 × 2000) = 0.6 × 1600 = 960. ಮೊದಲು ಸರಾಸರಿ ತೆಗೆದು ಆಮೇಲೆ ನಿಯಮ ಹಚ್ಚಿದರೆ 1500. ಪ್ರತಿ ಬೆಲೆಗೂ ನಿಯಮ ಹಚ್ಚಿ ಆಮೇಲೆ ಸರಾಸರಿ ತೆಗೆದರೆ 960. ಎರಡನೆಯದೇ ಸರಿ.

ಇದೇ ರೀತಿ ಬೇರೆ ಟ್ಯಾಂಕುಗಳಿಗೂ ಲೆಕ್ಕ ಹಾಕಿ:

1000 ಲೀಟರಿನ ಟ್ಯಾಂಕು: ಸರಾಸರಿ 540 ಲೀಟರು
2000: 960
3000: 1260
4000: 1440
5000: 1500

ಮೊದಲ ಸಾವಿರ ಲೀಟರಿನ ಜಾಗ ದಿನಕ್ಕೆ ಸರಾಸರಿ 540 ಲೀಟರು ಹಿಡಿದುಕೊಡುತ್ತದೆ, ಎರಡನೆಯದು 420, ಮೂರನೆಯದು 300, ನಾಲ್ಕನೆಯದು 180, ಐದನೆಯದು ಬರಿಯ 60. ಅಂಗಳದಲ್ಲಿ ಮಳೆಮಾಪಕ ಇಟ್ಟು ಪ್ರತಿ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆದಿಡುವವರಿಗೆ ಸಮ ಹರವು ಎಂಬ ನನ್ನ ಊಹೆಯ ಅಗತ್ಯವೂ ಇಲ್ಲ. ನಿಮ್ಮ ಪುಸ್ತಕದ ಪ್ರತಿ ದಿನದ ಅಳತೆಯನ್ನು ನಿಮ್ಮ ಮಾಡಿನ ವಿಸ್ತೀರ್ಣದಿಂದ ಗುಣಿಸಿ, ಟ್ಯಾಂಕಿನ ಗಾತ್ರಕ್ಕಿಂತ ಹೆಚ್ಚಾದಲ್ಲಿ ಟ್ಯಾಂಕಿನ ಗಾತ್ರವನ್ನೇ ಬರೆದು, ಮಳೆ ಬಾರದ ದಿನಗಳ ಸೊನ್ನೆಗಳನ್ನೂ ಬಿಡದೆ ಕೂಡಿಸಿ, ಒಟ್ಟು ದಿನಗಳಿಂದ ಭಾಗಿಸಿರಿ.